ಕಿಲ್ಟ್ ಅಂಚು ಎಲ್ಲಿಗೆ ನಿಲ್ಲಬೇಕು?

ಎಡಿನ್‌ಬರೋದಲ್ಲಿ ಗೆಳೆಯನ ಮದುವೆಗೆ ಮೊದಲ ಸಲ ಕಿಲ್ಟ್ (ಸ್ಕಾಟ್ಲೆಂಡಿನ ಗಂಡಸರು ಸೊಂಟಕ್ಕೆ ಸುತ್ತಿ ಉಡುವ ನೆರಿಗೆಯ ಉಡುಪು) ಹಾಕಿದಾಗ, ಜೀನ್ಸ್ ಥರ ಸೊಂಟದ ಕೆಳಗೆ ಕಟ್ಟಿಕೊಂಡಿದ್ದೆ. ಅಂಚು ಮಂಡಿ ದಾಟಿ ಇಳಿದಿತ್ತು. ಕಿಲ್ಟ್ ಅಳತೆ ಸರಿಯಾಗಿಯೇ ಇತ್ತು, ಕಟ್ಟಿದ ಜಾಗ ತಪ್ಪಾಗಿತ್ತು.

ಹಾಗಾಗಿ ಮೊದಲು ಮೇಲಿನ ಜಾಗ ನೋಡಿ. ಸ್ಕಾಟ್ಲೆಂಡಿನ ಸಾಂಪ್ರದಾಯಿಕ ಕಿಲ್ಟ್ ಕೂರುವುದು ಹೊಕ್ಕುಳ ಮಟ್ಟದಲ್ಲಿ, ಇಲ್ಲವೇ ಅದಕ್ಕಿಂತ ಸ್ವಲ್ಪ ಮೇಲೆ. ಬಕಲ್‌ಗಳನ್ನು ಅಲ್ಲೇ ಬಿಗಿಯಾಗಿ ಹಾಕಿ. ಕೆಳಗಿನ ಅಂಚು ಮಂಡಿಚಿಪ್ಪಿನ ಮೇಲ್ತುದಿಗೋ ನಡುವಿಗೋ ಬರಬೇಕು. ನನಗೆ ಮೇಲ್ತುದಿಯೇ ಇಷ್ಟ. ನಡೆಯುವಾಗ ಹಿಂದಿನ ನೆರಿಗೆ ಬೀಸುವುದು ಚೆಂದ ಕಾಣುತ್ತದೆ. ಮಂಡಿ ಪೂರ್ತಿ ಮುಚ್ಚಿತೋ, ಉದ್ದ ಜಾಸ್ತಿಯಾಯಿತು ಅಂತಲೇ ಅರ್ಥ.

ಪರೀಕ್ಷೆ ಸುಲಭ. ಎರಡೂ ಮಂಡಿಯೂರಿ, ಬೆನ್ನು ನೆಟ್ಟಗಿಡಿ. ಅಂಚು ನೆಲದಿಂದ ಸುಮಾರು 1 ಇಂಚು ಮೇಲಿದ್ದರೆ ಸರಿ. ನೀವೇ ಬಗ್ಗಿ ನೋಡಬೇಡಿ, ಬಗ್ಗಿದ ಕೂಡಲೇ ಮುಂಭಾಗ ಕೆಳಗಿಳಿಯುತ್ತದೆ. ಪಕ್ಕದಲ್ಲಿ ಇದ್ದವರಿಗೆ ನೋಡಲು ಹೇಳಿ.

ಹೊಲಿಸುತ್ತಿದ್ದರೆ ಇನ್ನೂ ಹುಷಾರಾಗಿರಿ. ನೇರ ನಿಂತು, ಹೊಕ್ಕುಳಿನಿಂದ ಮಂಡಿಯ ನಡುವಿನವರೆಗೆ ಬೇರೆಯವರಿಂದ ಅಳತೆ ತೆಗೆಸಿ. ಯಾಕೆಂದರೆ ಒಳ್ಳೆಯ ಕಿಲ್ಟ್‌ಗೆ ಕೆಳಗೆ ಮಡಿಚಿ ಹೊಲಿದ ಪಟ್ಟಿ ಇರುವುದಿಲ್ಲ. ಮಗ್ಗದಿಂದ ಬಂದ ಬಟ್ಟೆಯಂಚೇ ಕೆಳಗಿನ ಅಂಚು. ಪ್ಯಾಂಟ್ ಥರ ಕೆಳಗೆ ಸುಮ್ನೆ ಕತ್ತರಿಸಿ ಗಿಡ್ಡ ಮಾಡೋಕೆ ಆಗಲ್ಲ, ಅಲ್ವಾ? ನೆರಿಗೆಯೆಲ್ಲ ಬಿಚ್ಚಿ ಮೇಲಿಂದ ಸರಿಪಡಿಸುವುದು ದೊಡ್ಡ ಕೆಲಸ.

ಕಿಲ್ಟ್ ಜೊತೆ ಹಾಕುವ ಉದ್ದನೆಯ ಕಾಲುಚೀಲದ ಮೇಲ್ತುದಿಯನ್ನು ಮಂಡಿಚಿಪ್ಪಿನ ಕೆಳಗೆ ಮೂರು ಬೆರಳಿನಷ್ಟು ಜಾಗ ಬಿಟ್ಟು ಮಡಿಚಿ.