ಮೈ ತುಂಬಿಕೊಂಡವರು ಥೀಮ್ ಪಾರ್ಕಿಗೆ ಹೊರಡುವ ಮುಂಚೆ

ನನ್ನ ಹಾಗೆ ದಪ್ಪ ಇರೋರಿಗೆ ಒಂದು ಮಾತು. ರೋಲರ್ ಕೋಸ್ಟರ್‌ನಲ್ಲಿ ತೊಡಕಾಗೋದು ಹೆಚ್ಚಾಗಿ ತೂಕದಿಂದಲ್ಲ, ಆ ತೂಕ ಮೈಯಲ್ಲಿ ಎಲ್ಲಿ ಕೂತಿದೆ ಅನ್ನೋದರಿಂದ. ಭುಜದ ಮೇಲಿಂದ ಇಳಿಯೋ ಪಟ್ಟಿಗೆ ಎದೆ ಅಡ್ಡ ಬರುತ್ತೆ, ತೊಡೆ ಮೇಲೆ ಕೂರೋ ಸರಳಿಗೆ ಹೊಟ್ಟೆ. ಅದಕ್ಕೇ ಒಂದೇ ತೂಕದ ಇಬ್ಬರಲ್ಲಿ ಒಬ್ಬರಿಗೆ ಲಾಕ್ ಬೀಳುತ್ತೆ, ಇನ್ನೊಬ್ಬರಿಗೆ ಬೀಳಲ್ಲ.

ಎಷ್ಟೋ ದೊಡ್ಡ ಪಾರ್ಕ್‌ಗಳಲ್ಲಿ ಕ್ಯೂ ಶುರುವಾಗೋ ಕಡೆಯೇ ಒಂದು ಮಾದರಿ ಸೀಟು ಇಟ್ಟಿರ್ತಾರೆ. ನಾಚಿಕೆ ಬಿಟ್ಟು ಕೂತು ನೋಡಿ. ನಾನೊಮ್ಮೆ ಸಂಕೋಚಪಟ್ಟು ಕೂರದೆ, ಒಂದು ಗಂಟೆ ಕ್ಯೂ ನಿಂತು, ಕೊನೆಗೆ ಎಲ್ಲರ ಮುಂದೆ ಸೀಟಿಂದ ಎದ್ದು ಬಂದಿದ್ದೆ! ಕೂರುವಾಗ ಸೊಂಟವನ್ನು ಪೂರ್ತಿ ಹಿಂದಕ್ಕೆ ಒತ್ತಿ, ಬೆನ್ನು ನೆಟ್ಟಗಿಡಿ. ಕೆಲವು ಕೋಸ್ಟರ್‌ಗಳಲ್ಲಿ ದೊಡ್ಡ ಮೈಯವರಿಗೆಂದೇ ಉದ್ದ ಬೆಲ್ಟಿನ ಸೀಟು ಬೇರೆ ಸಾಲಿನಲ್ಲಿರುತ್ತೆ, ಸಿಬ್ಬಂದಿಯನ್ನು ಮೊದಲೇ ಕೇಳಿಬಿಡಿ. ಆದರೂ ಲಾಕ್ ಬೀಳದಿದ್ದರೆ ವಾದಕ್ಕಿಳೀಬೇಡಿ.

ನೀರಿನ ಜಾರುಬಂಡೆಗೆ ತೂಕದ ಮಿತಿಯೇ ಇರಬಹುದು. ಮೆಟ್ಟಿಲು ಹತ್ತೋಕೆ ಮುಂಚೆ ಬೋರ್ಡ್ ಓದಿ.

ಇನ್ನು ತೊಡೆ ಉಜ್ಜಿ ಬರೋ ಉರಿ. ದಿನವಿಡೀ ನಡೆಯೋದಲ್ವಾ, ಅದೂ ಒದ್ದೆ ಬಟ್ಟೆಯಲ್ಲಾದರೆ ಕೇಳೋದೇ ಬೇಡ. ಒಳಗೆ ಸೈಕ್ಲಿಂಗ್ ಶಾರ್ಟ್ಸ್ ಹಾಕ್ಕೊಳ್ಳಿ, ವ್ಯಾಸಲೀನ್ ಹಚ್ಚಿ, ಚೀಲದಲ್ಲಿ ಒಂದು ಜೊತೆ ಒಣ ಬಟ್ಟೆ ಇಟ್ಟಿರಿ.