ಮಲಗುವ ಖೋಲಿಗೆ ಕೆಂಪು ನೆಲ: ಮೂರನೇ ಸಲ ಗೆದ್ದೆ

ಗದಗದ ನಮ್ಮ ಮನೆಯ ಮಲಗುವ ಖೋಲಿಗೆ ರೆಡ್ ಆಕ್ಸೈಡ್, ಅಂದ್ರೆ ಸಿಮೆಂಟಿಗೆ ಕೆಂಪು ಬಣ್ಣದ ಪುಡಿ ಕಲಸಿದ ನೆಲ, ಹಾಕ್ತೀನಿ ಅಂದಾಗ ಮೊದಲು ತಡೆದದ್ದು ಸೋದರಮಾವ. "ಟೈಲ್ಸ್ ಬಿಟ್ಟು ಇದೇನ್ ಹಚ್ಚಿಕೊಂಡಿಯೋ? ಆರು ತಿಂಗಳಿಗೆ ಸೀಳತೈತಿ ನೋಡು" ಅಂದರು. ಜೊತೆಗೆ ದುಡಿಯುವ ಗೌಂಡಿಗಳದ್ದೂ ಅದೇ ಮಾತು. ಈಗ ಎರಡು ಮಳೆಗಾಲ ಕಳೆದಿವೆ. ಕೂದಲೆಳೆಯಷ್ಟೂ ಸೀಳಿಲ್ಲ.

ಮೊದಲ ಸಲ ಮಾತ್ರ ಮಾವ ಹೇಳಿದ್ದೇ ಆಯ್ತು. ಪಾಯ ತೋಡಿದಾಗ ಬಂದ ಕಪ್ಪು ಎರೆ ಮಣ್ಣನ್ನೇ ನೆಲದಡಿ ತುಂಬಿದ್ದೆ, ಟ್ರ್ಯಾಕ್ಟರ್ ಬಾಡಿಗೆ ಉಳಿಯಲಿ ಅಂತ. ಎರೆ ನೀರು ಕುಡಿದರೆ ಉಬ್ಬುತ್ತೆ, ಒಣಗಿದರೆ ಬಿರಿಯುತ್ತೆ. ಗೊತ್ತಿದ್ದೂ ಮಾಡಿದೆ. ಬಾಗಿಲಿನಿಂದ ಕಿಟಕಿಯವರೆಗೆ ಓರೆಯಾಗಿ ಸೀಳಿತು. ಎಂಟು ಸಾವಿರ ಹೋಯ್ತು. ಎಲ್ಲ ಅಗೆದು ಗರಸು, ಅಂದ್ರೆ ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು, ತುಂಬಿ, ನೀರು ಬಿಟ್ಟು, ದಮ್ಮಸು ಮಾಡಿದೆ.

ಎರಡನೇ ಸಲ ಬಣ್ಣದ ಆಸೆ ಕೆಡಿಸಿತು. ಎರಡು ಪಾಲು ಸಿಮೆಂಟಿಗೆ ಒಂದು ಪಾಲು ಬಣ್ಣ ಸುರಿದೆ. ನೋಡೋಕೆ ಭಾರಿ ಚೆಂದ. ಒಂದು ವಾರಕ್ಕೆ ಮನೆಯವಳು ಬಿಳಿ ಚಾದರ ತಂದು ತೋರಿಸಿದಳು: ನೆಲಕ್ಕೆ ತಾಗಿದ ಅಂಚು ಬೆರಳಗಲ ಪೂರ್ತಿ ಕೆಂಪು. ಮಗನ ಅಂಗಾಲು ಕುಂಕುಮ ತುಳಿದ ಹಾಗೆ. ಮೇಲಿನ ಪದರ ಕೆತ್ತಿ ತೆಗೆಯೋಕೇ ಎರಡು ದಿನ. ಇನ್ನೊಂದು ಐದಾರು ಸಾವಿರ.

ಮೂರನೇ ಸಲ ಬಣ್ಣ ಬಹಳ ಇಳಿಸಿದೆ. ಎಷ್ಟು ಅಂತ ಹೇಳಲ್ಲ, ಅದು ನನ್ನ ಕೈಯ ಅಳತೆ. ಇಡೀ ಖೋಲಿಗೆ ಬೇಕಾದಷ್ಟನ್ನೂ ಒಣಗಿದ್ದಾಗಲೇ ಒಂದೇ ಸಲ ಕಲಸಿ ಜರಡಿ ಹಿಡಿದೆ. ಇಲ್ಲಾಂದ್ರೆ ಒಂದು ಮೂಲೆ ಒಂದು ಬಣ್ಣ. ಕೆಳಗಿನ ಗಚ್ಚು ಹಸಿ ಇರುವಾಗಲೇ, ಅದೇ ಮಧ್ಯಾಹ್ನ, ಮೂರು ಮಿಲಿಮೀಟರ್ ಸುಮಾರು ಎಳೆದೆ. ನಮ್ಮೂರ ಗಾಳಿ ಗೊತ್ತಲ್ವಾ? ಕಪ್ಪತಗುಡ್ಡದ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ನೆಲ ಬೇಗ ಒಣಗದಿರಲಿ ಅಂತ ಕಿಟಕಿಗೆಲ್ಲ ಹಸಿ ಗೋಣಿಚೀಲ ಕಟ್ಟಿದೆ. ಹೆಬ್ಬೆರಳು ಒತ್ತಿದರೆ ಗುರುತು ಬೀಳಬೇಕು, ಬೆರಳಿಗೆ ಅಂಟಬಾರದು, ಆಗ ಕರಣಿ. ಮೂರು ಸುತ್ತು, ಸಾಕು. ಜಾಸ್ತಿ ತಿಕ್ಕಿದರೆ ಕಪ್ಪು ಕಲೆ ಏಳುತ್ತೆ. ಕೊನೇ ಸುತ್ತಿಗೆ ನೀರಲ್ಲಿ ಏನು ಬೆರೆಸಿದೆ ಅನ್ನೋದು ನಮ್ಮ ಅಜ್ಜನಿಂದ ಬಂದದ್ದು, ಅದು ಮನೆಯಲ್ಲೇ ಇರಲಿ.

ನೆಲದ ಮೇಲೆ ಗೋಣಿಚೀಲ ಹಾಸಿ ನೀರು ಹೊಡೀಬೇಡಿ. ಹಿತ್ತಲಲ್ಲಿ ಹಸಿರು ಆಕ್ಸೈಡಿನ ತುಂಡೊಂದು ಮಾಡಿ ನೋಡಿದ್ದೆ, ಚೀಲದ ನೇಯ್ಗೆ ಅಚ್ಚೊತ್ತಿದ ಹಾಗೆ ಉಳೀತು. ಒಡ್ಡು ಕಟ್ಟಿ ಹತ್ತು ದಿನ ನೀರು ನಿಲ್ಲಿಸಿದೆ. ಒಣಗಿದ ಮೇಲೆ ಕೊಬ್ಬರಿ ಎಣ್ಣೆ, ತೆಳ್ಳಗೆ.

ಖೋಲಿ ಹತ್ತು ಹನ್ನೆರಡು ಅಡಿಯದ್ದು. ಮೂರೂ ಸಲದ್ದು ಸೇರಿ ಇಪ್ಪತ್ತೇಳು ಸಾವಿರ ಆಗಿರಬೇಕು. ಮೂರನೇದಕ್ಕೆ ಮಾತ್ರ ಹದಿಮೂರು.

ಗೋಡೆಗೆ ಬಿಳಿ ಸುಣ್ಣ, ಚಿಟಿಕೆ ನೀಲಿ ಹಾಕಿ. ಮೊದಲು ತಿಳಿ ಹಳದಿ ಬಳಿದಿದ್ದೆ, ಖೋಲಿ ಇಕ್ಕಟ್ಟು ಅನ್ನಿಸಿತು. ಗೋಡೆ ಗುಂಟ ನಾಲ್ಕು ಇಂಚು ಕಪ್ಪು ಅಂಚು ಕೊಟ್ಟೆ, ಕಸಬರಿಗೆಯ ಕೊಳೆ ಕಾಣಲ್ಲ. ನವಲಗುಂದದ ಜಮಖಾನೆ ಹಾಸುವವರು ನೀಲಿ ಜಾಸ್ತಿ ಇರುವುದನ್ನೇ ಆರಿಸಿ, ಕೆಂಪಿನ ಮೇಲೆ ಕೆಂಪು ಮುಳುಗಿಹೋಗುತ್ತೆ. ಬಿಳಿ ಟ್ಯೂಬ್‌ಲೈಟಿಗೆ ನೆಲ ಸಪ್ಪಗೆ ಕಾಣುತ್ತೆ. ಹಳದಿ ಬಲ್ಬ್ ಹಾಕಿ ನೋಡಿ, ಸಂಜೆ ಇಡೀ ಖೋಲಿ ಬೆಚ್ಚಗಾಗುತ್ತೆ. ಮಂಚದ ಕಾಲಿಗೆ ರಬ್ಬರ್ ಮರೀಬೇಡಿ.

ಅಣ್ಣಿಗೇರಿಯಲ್ಲಿ ಎರಡು ಖೋಲಿ ಒಪ್ಪಿಕೊಂಡಿದ್ದೀನಿ. ಅಲ್ಲೂ ಎರೆ. ಗರಸಿನ ಟ್ರ್ಯಾಕ್ಟರ್ ಬಂದ ಮೇಲೇ ಕರಣಿ ಹಿಡೀತೀನಿ ಅಂದಿದ್ದೀನಿ.