ಮಡಿಕೇರಿ ಮಳೆಯಲ್ಲಿ ಮರಿ ಟರಾಂಟುಲಾಗೆ ಊಟ

ನಾನು ಸಾಕುತ್ತಿರುವುದು ಮೆಕ್ಸಿಕೋ ಮೂಲದ ರೆಡ್ ನೀ ಟರಾಂಟುಲಾ ಎಂಬ ರೋಮದ ದೊಡ್ಡ ಜೇಡದ ಮರಿ. ಮನೆಗೆ ಬಂದಾಗ ಕಾಲು ಚಾಚಿದರೂ ಸುಮಾರು ಒಂದು ಸೆಂಟಿಮೀಟರ್ ಅಷ್ಟೇ. ಈ ಜಾತಿ ಸೈಟಿಸ್ (ವನ್ಯಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿದೆ, ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಕಾಗದಪತ್ರ ಇಲ್ಲದ ಮರಿಯನ್ನು ದಯವಿಟ್ಟು ಯಾರೂ ಕೊಳ್ಳಬೇಡಿ.

ಊಟಕ್ಕೆ ಮೀಲ್‌ವರ್ಮ್, ಅಂದರೆ ಒಂದು ಜಾತಿಯ ಜೀರುಂಡೆಯ ಮರಿಹುಳು ಕೊಡುತ್ತೇನೆ. ಜೀವಂತ ಬಿಟ್ಟರೆ ಅದು ಮಣ್ಣೊಳಗೆ ಹೊಕ್ಕು ಕೂರುತ್ತದೆ, ಮರಿಯನ್ನೇ ಕಚ್ಚಲೂಬಹುದು. ಹಾಗಾಗಿ ತಲೆ ಜಜ್ಜಿ, ಮರಿಯ ಹೊಟ್ಟೆಗಿಂತ ದೊಡ್ಡದಾಗದಂತೆ ತುಂಡು ಮಾಡಿ, ಸಂಜೆ ಚಿಮುಟದಲ್ಲಿ ಬಿಲದ ಬಾಯಿಗೆ ಇಡುತ್ತೇನೆ. ಮೊದಲು ಮುಂಗಾಲು ತಾಗಿಸಿ ನೋಡುತ್ತದೆ. ಆಮೇಲೆ ಹಲ್ಲೂರಿ, ಜೀರ್ಣರಸ ಬಿಟ್ಟು, ಕರಗಿದ್ದನ್ನು ಹೀರುತ್ತದೆ. ಬೆಳಿಗ್ಗೆಗೆ ಉಳಿಯುವುದು ಸಾಸಿವೆ ಕಾಳಿನಂಥ ಒಂದು ಕಪ್ಪು ಉಂಡೆ. ಅದನ್ನೂ, ಮುಟ್ಟದೆ ಬಿಟ್ಟ ತುಂಡನ್ನೂ ಅವತ್ತೇ ತೆಗೆಯಲೇಬೇಕು. ಜುಲೈ ಮಳೆಯಲ್ಲಿ ನಮ್ಮ ಕಡೆ ಚಪ್ಪಲಿಗೇ ಬೂಷ್ಟು ಬರುತ್ತದೆ, ಸತ್ತ ಹುಳುವನ್ನು ಬಿಡುತ್ತದೆಯೇ? ಬೂಷ್ಟಿನ ಹಿಂದೆಯೇ ನುಸಿ.

ಮೀಲ್‌ವರ್ಮ್ ಸಾಕುವ ಗೋಧಿ ಬೂಸಾಕ್ಕೂ ಅದೇ ಕಾಟ. ಬಾಣಲೆಯಲ್ಲಿ ಬೆಚ್ಚಗೆ ಹುರಿದು, ಪೂರ್ತಿ ಆರಿಸಿ, ಸ್ವಲ್ಪಸ್ವಲ್ಪವೇ ಹಾಕುತ್ತೇನೆ. ತೇವಕ್ಕೆ ಒಂದು ಚೂರು ಕ್ಯಾರೆಟ್ ಸಾಕು, ಅದನ್ನೂ ಕೊಳೆಯುವ ಮುಂಚೆ ಬದಲಿಸಬೇಕು. ಡಬ್ಬದ ಜಾಗ ಅಡುಗೆಮನೆಯಲ್ಲಿ, ಒಲೆಯ ಬೆಚ್ಚಗಿನ ಬದಿಗೆ.

ಕಾಫಿ ತೋಟದಲ್ಲಿ ಮಿಡತೆಗೆ ಬರವಿಲ್ಲ, ಆದರೂ ಅಲ್ಲಿಂದ ಒಂದನ್ನೂ ತರುವುದಿಲ್ಲ. ಕಾಂಡ ಕೊರೆಯುವ ಬಿಳಿ ಕಾಂಡಕೊರಕ ಹುಳುವಿಗೆ ಔಷಧಿ ಹೊಡೆದ ಗಿಡದ ಮೇಲೆ ಓಡಾಡಿದ ಹುಳುವಾದರೆ ಆ ಪುಟ್ಟ ಜೀವ ಉಳಿಯಲಿಕ್ಕಿಲ್ಲ.

ವಾರಕ್ಕೆ ಎಷ್ಟು ಸಲ ಹಾಕಬೇಕು ಎಂದು ತುಂಬಾ ಜನ ಕೇಳುತ್ತಾರೆ. ಒಂದೆರಡು ಸಲ ಸಾಕು, ಆದರೆ ನಾನು ವಾರ ನೋಡುವುದಿಲ್ಲ, ಹೊಟ್ಟೆ ನೋಡುತ್ತೇನೆ. ಹೊಟ್ಟೆ ಎದೆಭಾಗಕ್ಕಿಂತ ಸಣ್ಣದಾಗಿದ್ದರೆ ಹಾಕು. ಉಬ್ಬಿ ಕಪ್ಪಾಗಿ ಮಿರುಗುತ್ತಿದ್ದರೆ ನಿಲ್ಲಿಸು, ಪೊರೆ ಬಿಡುವ ಹೊತ್ತು ಬಂತು ಎಂದೇ ಅರ್ಥ. ಆಗ ಬಿಲದ ಬಾಯಿಯನ್ನೂ ಮುಚ್ಚಿಕೊಳ್ಳುತ್ತದೆ. "ಪಾಪ, ಎಷ್ಟು ದಿನ ಅಂತ ಉಪವಾಸ ಕೆಡವ್ತೀಯಾ?" ಎಂದು ಅತ್ತೆ ಗದರುತ್ತಾರೆ. ಉಪವಾಸ ಅದರದ್ದೇ ಇಷ್ಟ ಅತ್ತೆ, ನೀರು ಮಾತ್ರ ತಪ್ಪಿಸುವುದಿಲ್ಲ ಎನ್ನುತ್ತೇನೆ. ಮರಿಯ ಡಬ್ಬದ ಒಂದು ಮೂಲೆಗೆ ನಾಲ್ಕು ಹನಿ ಹಾಕಿದರೆ ಅಲ್ಲಿಂದ ಕುಡಿಯುತ್ತದೆ. ಡಿಸೆಂಬರ್ ಚಳಿಯಲ್ಲೂ ತಿನ್ನುವುದು ಕಡಿಮೆ, ಬಲವಂತ ಬೇಡ.

ಬೆನ್ನಡಿಯಾಗಿ ಬಿದ್ದಿದ್ದರೆ ಸತ್ತಿತೆಂದು ಮುಟ್ಟಬೇಡಿ, ಪೊರೆ ಬಿಡುತ್ತಿರುತ್ತದೆ. ಕಳಚಿದ ಮೇಲೆ ಹಲ್ಲು ಬೆಳ್ಳಗೆ, ಮೆತ್ತಗೆ ಇರುತ್ತದೆ. ಅದು ಕೆಂಪಾಗಿ, ಪೂರ್ತಿ ಕಪ್ಪಾಗುವ ತನಕ ಏನೂ ಹಾಕುವುದಿಲ್ಲ. ಮರಿಗಳಿಗೆ ಒಂದು ವಾರ ಬಿಟ್ಟರೆ ಸಾಕಾಗುತ್ತದೆ. ಆಮೇಲಿನ ಮೊದಲ ತುಂಡು ಎಂದಿಗಿಂತ ಸಣ್ಣದಿರಲಿ.